ಚಕ್ರದ ಮೇಲೆ ಹೊರಿಸಿದ ಅಪವಾದ

‘ವೀಲ್ ಜಾರ್ತಾವ್ರೀ ಸರ, ಎನ್‌ಕೋಡರ್ ನಂಬಾಕ ಬರಂಗಿಲ್ಲ.’ ಹಾವೇರಿ, ರಾಣೇಬೆನ್ನೂರಿನ ಕಡೆ ಹುಡುಗರು ಕಟ್ಟುವ ಪುಟ್ಟ ರೋಬೋಗಳ ಮುಂದೆ ನಿಂತು, ಇದು ಯಾಕೆ ದಾರಿ ತಪ್ಪುತ್ತದೆ ಎಂದು ಕೇಳಿದರೆ ಸಿಗುವ ಉತ್ತರ ಇದು. ಹಾವೇರಿಯಲ್ಲಿ ಮಾತ್ರವಲ್ಲ, ಈ ಹವ್ಯಾಸವಿರುವ ಎಲ್ಲ ಕಡೆಯೂ ಇದೇ ಮಾತು ನಡೆಯುತ್ತದೆ. ಒಳಾಂಗಣದಲ್ಲಿ ಜಿಪಿಎಸ್ ಕೆಲಸಕ್ಕೆ ಬಾರದು, ಎನ್‌ಕೋಡರ್ ಎಂಬ ಸೆನ್ಸರಿನಿಂದ ಚಕ್ರದ ಸುತ್ತು ಎಣಿಸಿ ಸ್ಥಾನ ಹೇಳುವ ಓಡೊಮೆಟ್ರಿ ಜಾರಾಟದಿಂದ ಕೆಡುತ್ತದೆ. ಹಾಗಾಗಿ ದುಡ್ಡಿದ್ದವರು ಲೈಡಾರ್ ಹಾಕಬೇಕು, ಇಲ್ಲದವರು ಅಲ್ಟ್ರಾಸಾನಿಕ್ ಸೆನ್ಸರ್ ಕೂರಿಸಿ ಗೋಡೆ ತಪ್ಪಿಸುತ್ತ ಅಲೆಯಲು ಬಿಡಬೇಕು. ಜಾರಾಟ ಇದೆಯೆಂಬುದನ್ನು ನಾನು ಅಲ್ಲಗಳೆಯುತ್ತಿಲ್ಲ. ಆದರೆ ನಮ್ಮ ರೋಬೋಗಳ ಬಹುಪಾಲು ತಪ್ಪಿಗೆ ಜಾರಾಟ ಕಾರಣವಲ್ಲ. ಅದನ್ನು ಅಳೆದೇ ನೋಡದವರು ಈ ತೀರ್ಪು ಕೊಡುತ್ತಿದ್ದಾರೆ ಎಂಬುದೇ ನನ್ನ ತಕರಾರು.

ಹುಬ್ಬಳ್ಳಿಯ ಅಂಗಡಿಯಲ್ಲೋ ಬೆಂಗಳೂರಿನ ಎಸ್.ಪಿ. ರೋಡಿನಲ್ಲೋ ಸಿಗುವ ಹಳದಿ ಗೇರ್ ಮೋಟರಿನ ಕಿಟ್ಟನ್ನೇ ತೆಗೆದುಕೊಳ್ಳಿ. 65 ಮಿ.ಮೀ. ವ್ಯಾಸದ ಚಕ್ರ, 20 ಸೀಳುಗಳ ಪ್ಲಾಸ್ಟಿಕ್ ಡಿಸ್ಕ್. ಚಕ್ರ ಒಂದು ಸುತ್ತಿಗೆ 204 ಮಿ.ಮೀ. ಸಾಗುತ್ತದೆ, ಅಂದರೆ ಒಂದು ಎಣಿಕೆಗೆ ಒಂದು ಸೆಂ.ಮೀ.ಗಿಂತ ತುಸು ಹೆಚ್ಚು. ದೂರ ಅಳೆಯಲು ಇಷ್ಟು ಸಾಕು. ದಿಕ್ಕಿನ ಲೆಕ್ಕಕ್ಕೆ ಬಂದಾಗ ಬಣ್ಣ ಬಯಲಾಗುತ್ತದೆ. ಎಡಬಲ ಚಕ್ರಗಳ ನಡುವೆ 13 ಸೆಂ.ಮೀ. ಅಂತರವಿದ್ದರೆ, ಒಂದು ಕಡೆ ಒಂದೇ ಒಂದು ಎಣಿಕೆ ಹೆಚ್ಚುಕಡಿಮೆಯಾದರೂ ದಿಕ್ಕು 4.5 ಡಿಗ್ರಿ ಆಚೀಚೆ. ಆ ಓರೆಯಲ್ಲಿ 5 ಮೀಟರ್ ನಡೆದರೆ ರೋಬೋ ಗುರಿಯಿಂದ 39 ಸೆಂ.ಮೀ. ದೂರ. ಇಷ್ಟರಲ್ಲಿ ಚಕ್ರ ಕೂದಲೆಳೆಯಷ್ಟೂ ಜಾರಿರಬೇಕಿಲ್ಲ. ಅಳತೆಗೋಲೇ ಒರಟು, ಅಷ್ಟೆ.

ಅದರ ಮೇಲೆ, ಎಲ್‌ಎಂ393 ಇರುವ ಅಗ್ಗದ ಸೆನ್ಸರ್ ಬೋರ್ಡು ಒಂದು ಸೀಳಿಗೆ ಎರಡು ಮೂರು ಪಲ್ಸ್ ಕೊಡುವುದುಂಟು. ಔಟ್‌ಪುಟ್ಟಿಗೂ ಗ್ರೌಂಡಿಗೂ ನಡುವೆ ‘104’ ಎಂದು ಬರೆದ ಪುಟಾಣಿ ಕೆಪಾಸಿಟರ್ ಹಾಕಿದರೆ ಅದು ಬಹುಮಟ್ಟಿಗೆ ನಿಲ್ಲುತ್ತದೆ. ಈ ಬೋರ್ಡಿಗೆ ಚಾನೆಲ್ ಒಂದೇ ಆದ್ದರಿಂದ ಚಕ್ರ ಮುಂದೆ ಹೋಯಿತೋ ಹಿಂದೆ ಬಂತೋ ಗೊತ್ತಾಗದು. ಬ್ರೇಕ್ ಹೊಡೆದು ಹಿಂದಕ್ಕೆ ತಿರುಗುವ ಗಳಿಗೆಯಲ್ಲಿ ಕೂಡಬೇಕೋ ಕಳೆಯಬೇಕೋ ತಿಳಿಯದೆ ಲೆಕ್ಕ ಕೆಡುತ್ತದೆ. ಎರಡು ಚಾನೆಲ್‌ಗಳ ಕ್ವಾಡ್ರೇಚರ್ ಎನ್‌ಕೋಡರ್ ಇರುವ ಎನ್20 ಮೋಟರಿನಲ್ಲಿ ಈ ತಾಪತ್ರಯವಿಲ್ಲ. ಮೋಟರಿನ ಒಂದು ಸುತ್ತಿಗೆ 7 ಪಲ್ಸ್ ಇದ್ದು ಗೇರ್ 1:100 ಆದರೆ, ಎರಡೂ ಚಾನೆಲ್‌ಗಳ ಏರಿಳಿತ ಹಿಡಿದು ಪಲ್ಸಿಗೆ ನಾಲ್ಕರಂತೆ ಎಣಿಸಿದಾಗ ಚಕ್ರದ ಒಂದು ಸುತ್ತಿಗೆ 2800 ಎಣಿಕೆ. 20ಕ್ಕೂ 2800ಕ್ಕೂ ಒಂದೇ ‘ಎನ್‌ಕೋಡರ್’ ಎಂಬ ಹಣೆಪಟ್ಟಿ ಹಚ್ಚಿ ಇಡೀ ಜಾತಿಯನ್ನೇ ತೆಗಳುವುದು ವಿಮರ್ಶೆಯಲ್ಲ, ಸೋಮಾರಿತನ.

ಜಾರಾಟವನ್ನು ನಾವೇ ಕೈಯಾರೆ ಕಟ್ಟಿಕೊಳ್ಳುವ ಪ್ರಸಂಗವೂ ಇದೆ. ನಾಲ್ಕು ಚಕ್ರದ ಚಾಸಿ ಗಟ್ಟಿಮುಟ್ಟಾಗಿ ಕಾಣುತ್ತದೆಂದು ಎಲ್ಲರೂ ಅದನ್ನೇ ಕೊಳ್ಳುತ್ತಾರೆ. ಸ್ಟಿಯರಿಂಗ್ ಇಲ್ಲದ ನಾಲ್ಕು ಚಕ್ರದ ಗಾಡಿ ತಿರುಗಬೇಕಾದರೆ ಚಕ್ರಗಳು ಅಡ್ಡಡ್ಡ ಉಜ್ಜಲೇಬೇಕು, ಬೇರೆ ದಾರಿಯಿಲ್ಲ. ಎರಡು ಗಾಲಿಯ ಚಕ್ಕಡಿ ನಿಂತಲ್ಲೇ ಹೊರಳುವಷ್ಟು ಸಲೀಸಾಗಿ, ಎರಡು ಚಕ್ರ ಮತ್ತು ಒಂದು ಕ್ಯಾಸ್ಟರ್ ಇರುವ ರೋಬೋ ಹೊರಳುತ್ತದೆ. ಚಾಸಿ ಆರಿಸಿದವರು ನಾವು, ಬೈಗುಳ ಎನ್‌ಕೋಡರಿಗೆ.

ಇನ್ನು ಕ್ಯಾಲಿಬ್ರೇಶನ್. ಅದೇ ಕಿಟ್ಟಿನ ಎರಡು ಚಕ್ರಗಳ ವ್ಯಾಸದಲ್ಲಿ ಶೇ 1ರ ವ್ಯತ್ಯಾಸವಿದ್ದರೂ 2 ಮೀಟರಿನೊಳಗೆ ದಿಕ್ಕು ಸುಮಾರು 9 ಡಿಗ್ರಿ ತಪ್ಪುತ್ತದೆ. ಆದರೆ ಈ ತಪ್ಪು ಪ್ರತಿ ಸಲವೂ ಒಂದೇ ರೀತಿ ಆಗುವಂಥದ್ದು, ಆದ್ದರಿಂದ ತಿದ್ದಲು ಬರುವಂಥದ್ದು. ಮಿಷಿಗನ್ ವಿಶ್ವವಿದ್ಯಾಲಯದ ಬೋರೆನ್‌ಸ್ಟೈನ್ ಮತ್ತು ಫೆಂಗ್ 1990ರ ದಶಕದ ನಡುವಿನಲ್ಲೇ ಇದಕ್ಕೆ ಯುಎಂಬಿಮಾರ್ಕ್ ಎಂಬ ಪರೀಕ್ಷೆ ರೂಪಿಸಿದರು. ರೋಬೋವನ್ನು 4 ಮೀಟರ್ ಚೌಕದಲ್ಲಿ ಬಲಸುತ್ತು ಐದು ಸಲ, ಎಡಸುತ್ತು ಐದು ಸಲ ಓಡಿಸಿ, ಹೊರಟಲ್ಲಿಂದ ಎಷ್ಟು ದೂರ ಬಂದು ನಿಂತಿತೆಂದು ಅಳೆಯಬೇಕು. ಎರಡೂ ಸುತ್ತು ಬೇಕೇ ಬೇಕು. ಚಕ್ರದ ವ್ಯಾಸದ ತಪ್ಪೂ ಚಕ್ರಾಂತರದ ತಪ್ಪೂ ಒಂದು ಸುತ್ತಿನಲ್ಲಿ ಪರಸ್ಪರ ಕಳೆದುಹೋಗಿ, ಎಲ್ಲ ಸರಿಯಿದೆಯೆಂಬ ಭ್ರಮೆ ಹುಟ್ಟಿಸಬಹುದು. ಹೀಗೆ ಅಳೆದು ತಿದ್ದಿದಾಗ ಇಂಥ ದೋಷ ಹತ್ತು ಪಟ್ಟು ಇಳಿಯಿತೆಂದು ಅವರು ತೋರಿಸಿದರು. ಬೇಕಾಗುವುದು ಟೇಪು, ಸೀಮೆಸುಣ್ಣ, ಒಂದು ಮಧ್ಯಾಹ್ನ.

ಎದುರುವಾದಕ್ಕೂ ನ್ಯಾಯ ಸಲ್ಲಬೇಕು. ನೆಲವೆಲ್ಲ ಒಂದೇ ಅಲ್ಲ. ಬ್ಯಾಡಗಿಯ ಮೆಣಸಿನಕಾಯಿ ಗೋದಾಮಿನಲ್ಲಿ ತೊಟ್ಟು, ಬೀಜ, ಧೂಳಿನ ನಡುವೆ ಓಡುವ ರೋಬೋ ಜಾರದೆ ಇರದು. ಸೀಳಿನ ಡಿಸ್ಕಿಗೆ ಪುಡಿ ಮೆತ್ತಿ ಎಣಿಕೆಯೂ ಕೆಡುತ್ತದೆ. ಆಯಸ್ಕಾಂತ ಓದುವ ಹಾಲ್ ಸೆನ್ಸರ್ ಧೂಳನ್ನು ಲೆಕ್ಕಿಸದು, ಆದರೆ ಜಾರಾಟಕ್ಕೆ ಅದರ ಬಳಿಯೂ ಮದ್ದಿಲ್ಲ. ಅಲ್ಲಿ ಎನ್‌ಕೋಡರ್ ಒಂದನ್ನೇ ನಂಬು ಎಂದು ನಾನು ಹೇಳಲಾರೆ. ತಿರುವಿನ ಗಳಿಗೆಯಲ್ಲಿ ಎಂಪಿಯು-6050ರ ಗೈರೋವನ್ನು ಕೇಳಬೇಕು, ನೇರ ದಾರಿಯಲ್ಲಿ ಚಕ್ರವನ್ನು. ಗೈರೋಗೆ ಕಾಲ ಕಳೆದಂತೆ ದಿಕ್ಕು ತೇಲಿಹೋಗುವ ರೋಗ, ಚಕ್ರಕ್ಕೆ ದೂರ ಸಾಗಿದಂತೆ ತಪ್ಪು ಕೂಡಿಕೊಳ್ಳುವ ರೋಗ. ಕಾಯಿಲೆ ಬೇರೆ ಬೇರೆ ಇರುವುದರಿಂದಲೇ ಈ ಜೋಡಿ ಹೊಂದುತ್ತದೆ.

ಲೈಡಾರ್ ಪಕ್ಷದವರು ಮರೆಯುವ ಸಂಗತಿ ಇನ್ನೂ ದೊಡ್ಡದು. ಕಾಲೇಜಿನ ಉದ್ದನೆಯ ಕಾರಿಡಾರ್, ಎರಡೂ ಬದಿ ನುಣ್ಣನೆಯ ಗೋಡೆ, ಕೊನೆ ಕಿರಣದ ಎಟುಕಿನಾಚೆ. ರೋಬೋ ಹತ್ತಡಿ ಮುಂದೆ ಹೋದರೂ ಲೈಡಾರಿಗೆ ಕಾಣುವುದು ಅದೇ ಎರಡು ಗೆರೆ. ಮುಂದೆ ಬಂದಿದ್ದೇವೆ ಎಂದು ಅಲ್ಲಿ ಹೇಳಬಲ್ಲದ್ದು ಚಕ್ರ. ರೋಬೋ ತಂತ್ರಾಂಶ ರಾಸ್‌ನಲ್ಲಿ ನಕ್ಷೆ ಬಿಡಿಸುವ ಜಿಮ್ಯಾಪಿಂಗ್, ಸ್ಥಾನ ಗುರುತಿಸುವ ಎಎಂಸಿಎಲ್ ಎರಡೂ ಓಡೊಮೆಟ್ರಿ ಕೇಳುತ್ತವೆ. ಅದಿಲ್ಲದೆ ನಡೆಯುವ ಹೆಕ್ಟರ್ ಸ್ಲ್ಯಾಮ್ ಎಡವುವುದು ಇಂಥ ಕಾರಿಡಾರಿನಲ್ಲಿಯೇ. ಇನ್ನು ಲೈಡಾರ್, ಎನ್‌ಕೋಡರ್ ಎರಡನ್ನೂ ಬಿಟ್ಟವರು ಕೊನೆಗೆ ‘ಎರಡು ಸೆಕೆಂಡ್ ಮುಂದೆ’ ಎಂಬ ಪ್ರೋಗ್ರಾಮಿಗೆ ಬಂದು ನಿಲ್ಲುತ್ತಾರೆ. 8.4 ವೋಲ್ಟಿನ ಬ್ಯಾಟರಿ 7ಕ್ಕೆ ಇಳಿದಾಗ ಆ ಎರಡು ಸೆಕೆಂಡಿನ ದೂರವೇ ಬೇರೆ.

ಚಕ್ರ ಉರುಳಿಸಿ ದಾರಿ ಅಳೆಯುವುದು ಈ ನಾಡಿಗೆ ಹೊಸದೂ ಅಲ್ಲ. ಇನ್ನೂರು ವರ್ಷದ ಹಿಂದಿನ ಸರ್ವೇದಾರರು ಪೆರಾಂಬ್ಯುಲೇಟರ್ ಎಂಬ ಅಳತೆಚಕ್ರ ತಳ್ಳಿಕೊಂಡು ದಾರಿಗಳನ್ನು ಅಳೆದರು. 1800ರಲ್ಲಿ ಬೆಂಗಳೂರಿನಲ್ಲಿ ಬ್ರಿಟಿಷ್ ಸರ್ವೇದಾರ ಲ್ಯಾಂಬ್ಟನ್ ಆಧಾರರೇಖೆ ಅಳೆದು ತ್ರಿಕೋನಗಳ ಜಾಲ ಹೆಣೆಯತೊಡಗಿದ್ದು, ಅಂಥ ಅಳತೆಗಳ ಕೂಡುವ ತಪ್ಪನ್ನು ಕಟ್ಟಿಹಾಕುವ ಸ್ಥಿರ ಬಿಂದುಗಳಿಗಾಗಿ. ನಮ್ಮ ರೋಬೋಗೂ ಬೇಕಾದದ್ದು ಅಂಥ ಬಿಂದುಗಳೇ, ಮತ್ತು ಅವು ಕಾಲಡಿಯಲ್ಲೇ ಇವೆ. ರಾಣೇಬೆನ್ನೂರಿನ ಹೊಸ ಮನೆಗಳಲ್ಲೂ ಕಾಣುವ ಎರಡಡಿಯ ವಿಟ್ರಿಫೈಡ್ ಟೈಲ್ಸ್‌ನ ಸಂದುಗೆರೆಗಳು ಸಿದ್ಧ ಗ್ರಾಫ್ ಕಾಗದ. ಗೆರೆಗೂ ಟೈಲಿಗೂ ಬಣ್ಣದ ವ್ಯತ್ಯಾಸವಿದ್ದರೆ, ಲೈನ್ ಫಾಲೋವರಿನ ಐಆರ್ ಸೆನ್ಸರನ್ನೇ ಕೆಳಮುಖ ಮಾಡಿ ಗೆರೆ ದಾಟಿದಾಗಲೆಲ್ಲ ಲೆಕ್ಕ ತಿದ್ದಿಕೊಳ್ಳಬಹುದು. ಎನ್‌ಕೋಡರ್ ಆಗ ಎರಡಡಿ ಮಾತ್ರ ನಂಬಿಕೆ ಉಳಿಸಿಕೊಂಡರೆ ಸಾಕು. ಶಾಬಾದಿ ಕಲ್ಲಿನ ಹಳೆಯ ನೆಲದಲ್ಲಿ ಇದು ನಡೆಯದು, ಅಲ್ಲಿ ಕಲ್ಲುಗಳ ಅಳತೆ ಒಂದೇ ಸಮ ಇರುವುದಿಲ್ಲ.

ಪ್ರಾಜೆಕ್ಟ್ ನೋಡಲು ಬರುವ ಪರೀಕ್ಷಕರಲ್ಲಿ ನನ್ನದೊಂದು ಕೋರಿಕೆ. ರೋಬೋ ಗೋಡೆಗೆ ಡಿಕ್ಕಿ ಹೊಡೆಯಲಿಲ್ಲವೆಂದು ಅಂಕ ಕೊಡುವ ಮೊದಲು ಅದನ್ನು ಚೌಕದಲ್ಲಿ ಬಲಕ್ಕೂ ಎಡಕ್ಕೂ ಸುತ್ತಿಸಿ, ಎಷ್ಟು ಸೆಂ.ಮೀ. ತಪ್ಪಿತೆಂಬ ಅಂಕಿಯನ್ನು ವರದಿಯಲ್ಲಿ ಬರೆಸಿ.