ವಾರ್ಡಿನೊಳಗೆ ಬಾರದ ಪಾಠ

ಎಂಬಿಬಿಎಸ್ ಪಠ್ಯಕ್ರಮ 2019ರಲ್ಲಿ ಬದಲಾದಾಗ ಅದರೊಂದಿಗೆ ‘ಏಟ್‌ಕಾಮ್’ ಕೂಡ ಬಂತು. ಧೋರಣೆ, ನೀತಿ, ಸಂವಹನ ಈ ಮೂರನ್ನು ಸೇರಿಸಿ ಭಾರತೀಯ ವೈದ್ಯಕೀಯ ಪರಿಷತ್ತು ಹಿಂದಿನ ವರ್ಷವೇ ಸಿದ್ಧಪಡಿಸಿದ್ದ 27 ಪಾಠಗಳ ಕಟ್ಟು ಅದು. ವೈದ್ಯರಾಗುವುದೆಂದರೇನು, ರೋಗಿಯಾಗುವುದೆಂದರೇನು, ಕಾಯಿಲೆ ಬಿದ್ದವರ ಮನೆಯವರಾಗಿರುವುದೆಂದರೇನು ಎಂಬ ಪ್ರಶ್ನೆಗಳೇ ಅಲ್ಲಿ ಪಾಠದ ತಲೆಬರಹಗಳು. ಸಾಹಿತ್ಯ, ರಂಗಭೂಮಿ, ತತ್ತ್ವಶಾಸ್ತ್ರಗಳನ್ನು ವೈದ್ಯಕೀಯದ ಹತ್ತಿರ ತರಬೇಕೆಂದು ದಶಕಗಳಿಂದ ಹೇಳುತ್ತ ಬಂದವರಿಗೆ ಇದು ದೊಡ್ಡ ಗೆಲುವು. ಪುಸ್ತಕವನ್ನು ಓದಿದರೆ ಬರೆದವರ ಕಾಳಜಿಯ ಬಗ್ಗೆ ಅನುಮಾನ ಉಳಿಯುವುದಿಲ್ಲ. ನನ್ನ ತಕರಾರು ಇರುವುದು ಈ ಪಾಠ ನಡೆಯುವ ಜಾಗದ ಬಗ್ಗೆ.

ಮೊದಲ ವರ್ಷದ ಐದು ಪಾಠಗಳಲ್ಲಿ ಒಂದು ವಿದ್ಯಾರ್ಥಿಗಳ ಮನಸ್ಸಿಗೆ ನೇರವಾಗಿ ನಾಟುತ್ತದೆ. ಮೃತದೇಹವೇ ಮೊದಲ ಗುರು ಎನ್ನುವ ಪಾಠ ಅದು. ಡಿಸೆಕ್ಷನ್ ಹಾಲಿನಲ್ಲಿ, ಫಾರ್ಮಲಿನ್ ವಾಸನೆಗೆ ಕಣ್ಣು ಉರಿಯುತ್ತಿರುವಾಗ, ಆಗಷ್ಟೇ ಪಿಯುಸಿ ಮುಗಿಸಿ ಬಂದ ಹುಡುಗ ಹುಡುಗಿಯರು ಮೇಜಿನ ಸುತ್ತ ನಿಂತು ದೇಹ ಕೊಟ್ಟವರಿಗೆ ತಲೆಬಾಗಿ ಪ್ರತಿಜ್ಞೆ ಮಾಡುತ್ತಾರೆ. ಆಮೇಲೆ ಅದೇ ಕೈ ಸ್ಕಾಲ್ಪೆಲ್ ಹಿಡಿಯುತ್ತದೆ. ಆಡಿದ ಮಾತಿಗೂ ಮಾಡುವ ಕೆಲಸಕ್ಕೂ ನಡುವೆ ಅಂತರವೇ ಇಲ್ಲ, ಆದ್ದರಿಂದ ಅದು ಉಳಿಯುತ್ತದೆ.

ರೋಗಿಯಾಗುವುದೆಂದರೇನು ಎಂಬ ಪಾಠಕ್ಕೆ ಈ ಭಾಗ್ಯವಿಲ್ಲ. ಪಠ್ಯದಲ್ಲಿ ಆಸ್ಪತ್ರೆ ಭೇಟಿ, ರೋಗಿಗಳ ಜೊತೆ ಮಾತುಕತೆ ಎಲ್ಲವೂ ಇವೆ. ಆದರೆ 150, 250 ಸೀಟುಗಳ ಕಾಲೇಜಿನಲ್ಲಿ ಅದು ಸುಲಭವಾಗಿ ಲೆಕ್ಚರ್ ಹಾಲಿನ ಕಾರ್ಯಕ್ರಮವಾಗಿ ಬಿಡುತ್ತದೆ. ಒಬ್ಬ ರೋಗಿಯ ಪಾತ್ರ ಮಾಡುತ್ತಾನೆ, ಇನ್ನೊಬ್ಬಳು ವೈದ್ಯೆಯ ಪಾತ್ರ, ನಾಲ್ಕು ಚಪ್ಪಾಳೆ, ಕೊನೆಗೆ ಲಾಗ್‌ಬುಕ್ಕಿನಲ್ಲಿ ಅರ್ಧ ಪುಟ ‘ರಿಫ್ಲೆಕ್ಷನ್’. ರೋಗಿಯೊಂದಿಗೆ ಸಹಾನುಭೂತಿಯಿಂದ ವರ್ತಿಸಬೇಕೆಂದು ಅರಿತೆ ಎಂಬ ಸಾಲು ಒಬ್ಬರ ಪುಸ್ತಕದಿಂದ ಇನ್ನೊಬ್ಬರ ಪುಸ್ತಕಕ್ಕೆ ಹೋಗಿ ಸಹಿ ಹಾಕಿಸಿಕೊಂಡು ಬರುತ್ತದೆ. ಇದಕ್ಕೆ ವಿದ್ಯಾರ್ಥಿಗಳನ್ನು ದೂರಿ ಫಲವಿಲ್ಲ. ರೋಗಿಯನ್ನೇ ಕಾಣದೆ ಸಹಾನುಭೂತಿ ಬರೆಯಿರಿ ಎಂದರೆ ಅವರು ಇನ್ನೇನು ಬರೆಯಬೇಕು?

ಫಿಲಡೆಲ್ಫಿಯಾದ ಜೆಫರ್ಸನ್ ವೈದ್ಯಕೀಯ ಕಾಲೇಜಿನಲ್ಲಿ ಮೊಹಮ್ಮದ್‌ರೆಜಾ ಹೋಜತ್ ಮತ್ತು ಸಂಗಡಿಗರು ನಡೆಸಿ 2009ರಲ್ಲಿ ಪ್ರಕಟಿಸಿದ ಅಧ್ಯಯನ ಇಲ್ಲಿ ಮುಖ್ಯವಾಗುತ್ತದೆ. ವಿದ್ಯಾರ್ಥಿಗಳ ಸಹಾನುಭೂತಿಯ ಅಂಕಗಳು ಮೂರನೆಯ ವರ್ಷದಲ್ಲಿ ಗಮನಾರ್ಹವಾಗಿ ಇಳಿದಿದ್ದವು, ಮತ್ತೆ ಏರಲಿಲ್ಲ. ಅಲ್ಲಿ ಆಗ ವಿದ್ಯಾರ್ಥಿಗಳು ವಾರ್ಡಿಗೆ ಕಾಲಿಡುತ್ತಿದ್ದುದು ಮೂರನೆಯ ವರ್ಷದಲ್ಲೇ. ತಮ್ಮ ಬಗ್ಗೆ ತಾವೇ ತುಂಬಿಕೊಟ್ಟ ಪ್ರಶ್ನಾವಳಿಯನ್ನು ಪೂರ್ತಿ ನಂಬಬೇಕಿಲ್ಲ, ನಿಜ. ಆದರೂ ವಾರ್ಡ್ ಕಂಡವರಿಗೆ ಈ ಫಲಿತಾಂಶದಲ್ಲಿ ಅಚ್ಚರಿಯಿಲ್ಲ. ರೌಂಡ್ಸ್ ವೇಳೆ ಹಿರಿಯರು ರೋಗಿಯನ್ನು ಹಾಸಿಗೆಯ ನಂಬರಿನಿಂದ ಕರೆಯುವುದನ್ನು, ಹೆಂಗಸರ ವಾರ್ಡಿನಲ್ಲಿ ಪರದೆ ಎಳೆಯದೆ ಹೊಟ್ಟೆ ಮುಟ್ಟಿ ನೋಡುವುದನ್ನು ಕಿರಿಯರು ದಿನವೂ ಕಂಡರೆ, ಮೊದಲ ವರ್ಷದ ಅರ್ಧ ಪುಟ ಎಷ್ಟು ದಿನ ಬಾಳೀತು? ಮನಸ್ಸು ಒಣಗುವ ಜಾಗ ಯಾವುದೋ ಪಾಠವೂ ಅಲ್ಲೇ ನಡೆಯಬೇಕು.

ಈ ದೃಷ್ಟಿಯಿಂದ ನನಗೆ ಯೇಲ್ ವಿಶ್ವವಿದ್ಯಾಲಯದ ಪ್ರಯೋಗ ತುಂಬ ಇಷ್ಟ. ಚರ್ಮರೋಗ ತಜ್ಞ ಇರ್ವಿನ್ ಬ್ರೇವರ್‌ಮನ್ ತಮ್ಮ ವಿದ್ಯಾರ್ಥಿಗಳನ್ನು ಅಲ್ಲಿನ ಬ್ರಿಟಿಷ್ ಕಲಾ ಸಂಗ್ರಹಾಲಯಕ್ಕೆ ಕರೆದೊಯ್ದು ಒಂದೊಂದು ಚಿತ್ರದ ಮುಂದೆ ನಿಲ್ಲಿಸಿದರು. ಹೆನ್ರಿ ವಾಲಿಸ್ ಬಿಡಿಸಿದ ಚಾಟರ್ಟನ್‌ನ ಸಾವಿನ ಚಿತ್ರವನ್ನೇ ನೋಡಿ. ಅಟ್ಟದ ಕಿಟಕಿಯ ಕೆಳಗೆ ಮಂಚದ ಮೇಲೆ ಕೆಂಗೂದಲಿನ ತರುಣ, ನೆಲಕ್ಕೆ ಜೋತುಬಿದ್ದ ಕೈ, ಹರಿದು ಚೂರಾದ ಕಾಗದ, ಒಂದು ಪುಟ್ಟ ಸೀಸೆ. ಸತ್ತಿದ್ದಾನೆ ಎಂದು ಹೇಳಿಬಿಡುವುದು ಸುಲಭ. ಆದರೆ ವಿದ್ಯಾರ್ಥಿ ಮೊದಲು ಕಂಡದ್ದನ್ನಷ್ಟೇ ಹೇಳಬೇಕು: ಚರ್ಮದ ಬಣ್ಣ ಹೇಗಿದೆ, ಬೆರಳು ಹೇಗೆ ಮಡಚಿವೆ, ಬೆಳಕು ಎಲ್ಲಿಂದ ಬೀಳುತ್ತಿದೆ. ತೀರ್ಮಾನ ಆಮೇಲೆ. ಹೀಗೆ ಪಳಗಿದವರು ರೋಗಿಗಳ ಫೋಟೊಗಳನ್ನು ಉಳಿದವರಿಗಿಂತ ಚೆನ್ನಾಗಿ ಗಮನಿಸಿ ವಿವರಿಸಿದರೆಂದು 2001ರಲ್ಲಿ ಅಮೆರಿಕನ್ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ವರದಿಯಾಯಿತು. ಒಳ್ಳೆಯವರಾಗಿ ಎಂದು ಇಲ್ಲಿ ಯಾರೂ ಬೋಧಿಸಲಿಲ್ಲ. ಕಣ್ಣಿಗೆ ಒಂದು ಕೆಲಸ ಕೊಟ್ಟರು, ಆ ಕೆಲಸ ರೋಗಿಯ ಹತ್ತಿರ ಬಂದಾಗ ಉಪಯೋಗಕ್ಕೆ ಬಿತ್ತು.

ಅದೇ ವರ್ಷ, ಅದೇ ಪತ್ರಿಕೆಯಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ವೈದ್ಯೆ ರೀಟಾ ಶರಾನ್ ‘ನಿರೂಪಣಾ ವೈದ್ಯಕೀಯ’ದ ಬಗ್ಗೆ ಬರೆದರು. ಅವರು ಹೆನ್ರಿ ಜೇಮ್ಸ್ ಮೇಲೆ ಸಂಶೋಧನೆ ಮಾಡಿ ಇಂಗ್ಲಿಷ್‌ನಲ್ಲಿ ಡಾಕ್ಟರೇಟ್ ಪಡೆದವರೂ ಹೌದು. ವಿದ್ಯಾರ್ಥಿಗಳಿಂದ ಕೇಸ್ ಶೀಟಿನ ಜೊತೆಗೆ ಇನ್ನೊಂದು ಹಾಳೆ ಬರೆಸುವ ಪದ್ಧತಿಯನ್ನು ಅವರು 1993ರಿಂದಲೇ ನಡೆಸಿದ್ದರು. ಕೇಸ್ ಶೀಟಿನಲ್ಲಿ ಜಾಗವಿಲ್ಲದ, ಆದರೆ ಎಲ್ಲಾದರೂ ಬರೆಯಲೇಬೇಕಾದ ಸಂಗತಿಗಳಿಗೆ ಆ ಹಾಳೆ.

ನಮ್ಮ ಜಿಲ್ಲಾಸ್ಪತ್ರೆಗೆ ಆ ಹಾಳೆ ಎಷ್ಟು ಬೇಕಾಗಿದೆ! ಕಲಬುರಗಿ ಕಡೆಯ ಹೊರರೋಗಿ ವಿಭಾಗವೊಂದನ್ನು ಕಲ್ಪಿಸಿಕೊಳ್ಳಿ. ಗೌಂಡಿ ಕೆಲಸಕ್ಕೆ ಹೋಗುವ ಹೆಣ್ಣುಮಗಳು, ಶುಗರ್ ಇಳಿಯುತ್ತಿಲ್ಲ. ಚೀಟಿಯಲ್ಲಿ ‘ಮಾತ್ರೆ ಸರಿಯಾಗಿ ತೆಗೆದುಕೊಳ್ಳುತ್ತಿಲ್ಲ’ ಎಂದು ಇಂಗ್ಲಿಷಿನಲ್ಲಿ ಬರೆದು ಡೋಸ್ ಏರಿಸಿದರೆ ಕೆಲಸ ಮುಗಿಯಿತು. ಯಾಕವ್ವಾ ಗುಳಿಗಿ ತಪ್ಪಸ್ತೀ ಎಂದು ಯಾರಾದರೂ ಸ್ಟೂಲು ಎಳೆದುಕೊಂಡು ಕೇಳಿದರೆ ಉತ್ತರ ಬರುತ್ತದೆ: “ಕೆಲಸಕ್ಕ ಹೋಗೋ ದಿನ ನುಂಗಂಗಿಲ್ರಿ. ಬರೇ ಹೊಟ್ಟಿಲೆ ಹೋಗಿರ್ತೀನಿ, ತಲಿ ತಿರುಗತೈತಿ. ಬುಟ್ಟಿ ಹೊತ್ಕೊಂಡು ಮ್ಯಾಲಿಂದ ಬಿದ್ರ ಯಾರ್ ನೋಡಾವ್ರು?” ಉಪವಾಸದಲ್ಲಿ ನುಂಗಿದರೆ ಸಕ್ಕರೆಯನ್ನು ತೀರಾ ಕೆಳಗಿಳಿಸುವ ಮಾತ್ರೆಗಳಿವೆ. ಆಕೆಯ ಭಯ ಔಷಧಶಾಸ್ತ್ರದ ಪ್ರಕಾರವೇ ಸರಿ. ಮಾತ್ರೆ ಬದಲಿಸಬೇಕು, ಇಲ್ಲವೇ ಊಟದ ಹೊತ್ತಿಗೆ ಹೊಂದಿಸಬೇಕು. ಏರಿಸಿದ ಡೋಸನ್ನು ನುಂಗಿ ಕೆಲಸಕ್ಕೆ ಹೋಗಿದ್ದರೆ ಆಕೆ ನಿಜಕ್ಕೂ ಬೀಳಬಹುದಿತ್ತು. ಮಾನವಿಕಗಳೆಂದರೆ ಚಿಕಿತ್ಸೆ ಮುಗಿದ ಮೇಲಿನ ಸೌಜನ್ಯ ಎಂದು ತಿಳಿದವರಿಗೆ ನಾನು ಹೇಳಬೇಕಾದ್ದು ಇಷ್ಟೇ: ಇಲ್ಲಿ ಕೇಳಿಸಿಕೊಂಡದ್ದೇ ರೋಗನಿರ್ಣಯ.

ರಂಗಭೂಮಿಯ ಪ್ರಯೋಗವೂ ಗಮನಾರ್ಹ. ದೆಹಲಿಯ ಯೂನಿವರ್ಸಿಟಿ ಕಾಲೇಜ್ ಆಫ್ ಮೆಡಿಕಲ್ ಸೈನ್ಸಸ್‌ನಲ್ಲಿ 2009ರಲ್ಲಿ ವೈದ್ಯಕೀಯ ಮಾನವಿಕಗಳ ಗುಂಪು ಹುಟ್ಟಿತು. ಬ್ರೆಜಿಲಿನ ಅಗುಸ್ತೊ ಬೋಲ್ ರೂಪಿಸಿದ ‘ದಮನಿತರ ರಂಗಭೂಮಿ’ಯನ್ನು ಅಲ್ಲಿನ ವಿದ್ಯಾರ್ಥಿಗಳಿಗೆ ಪರಿಚಯಿಸಿದವರಲ್ಲಿ ಬೆಂಗಳೂರಿನ ರಾಧಾ ರಾಮಸ್ವಾಮಿ ಮುಖ್ಯರು. ನೋಡುತ್ತ ಕೂತವರೇ ಎದ್ದು ಆಟ ನಿಲ್ಲಿಸಿ, ರಂಗಕ್ಕೇರಿ, ನಡೆಯುತ್ತಿರುವ ಅನ್ಯಾಯವನ್ನು ಬೇರೆ ದಾರಿಗೆ ತಿರುಗಿಸಲು ಇಲ್ಲಿ ಅವಕಾಶವಿದೆ. ಲೆಕ್ಚರ್ ಹಾಲಿನ ಪಾತ್ರಾಭಿನಯಕ್ಕಿಂತ ಇದು ಮೇಲು. ಹಿರಿಯರ ದರ್ಪದ ಮುಂದೆ ಕಿರಿಯರು ಬಾಯಿ ಕಟ್ಟಿ ನಿಲ್ಲುವುದನ್ನೂ ಇದು ಮುಚ್ಚಿಡದೆ ತೋರಿಸಬಲ್ಲದು.

ಸಮಯವೆಲ್ಲಿದೆ ಎಂಬ ಆಕ್ಷೇಪವನ್ನು ತಳ್ಳಿಹಾಕುವಂತಿಲ್ಲ. 67 ದೇಶಗಳ ಪ್ರಾಥಮಿಕ ಚಿಕಿತ್ಸೆಯ ಮಾಹಿತಿ ಕಲೆಹಾಕಿ 2017ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಸ್ವೀಡನ್ನಿನ ವೈದ್ಯರು ಒಬ್ಬ ರೋಗಿಗೆ ಸರಾಸರಿ 22.5 ನಿಮಿಷ ಕೊಟ್ಟರೆ, ಬಾಂಗ್ಲಾದೇಶದಲ್ಲಿ 48 ಸೆಕೆಂಡ್. ನಮ್ಮಲ್ಲಿ ಸುಮಾರು 2 ನಿಮಿಷ. ಎರಡು ನಿಮಿಷದ ವೈದ್ಯರಿಗೆ ಕರುಣೆಯ ಪಾಠ ಹೇಳುತ್ತ, ಖಾಲಿ ಹುದ್ದೆಗಳನ್ನು ಹಾಗೇ ಬಿಡುವುದು ಅನ್ಯಾಯ. ರಾತ್ರಿಯಿಡೀ ಡ್ಯೂಟಿ ಮಾಡಿ ಬೆಳಿಗ್ಗೆ ಮತ್ತೆ ಹೊರರೋಗಿ ಸಾಲಿನ ಮುಂದೆ ಕೂರುವ ಹೌಸ್ ಸರ್ಜನ್ ಸಿಡುಕಿದರೆ ಅದು ಆತನ ಗುಣದೋಷವೊಂದೇ ಅಲ್ಲ. ಏಟ್‌ಕಾಮ್‌ನಲ್ಲಿ ಆರೋಗ್ಯ ಸೇವೆ ಒಂದು ಹಕ್ಕು ಎಂಬ ಪಾಠವಿದೆ. ಅದನ್ನು ಗಂಭೀರವಾಗಿ ಕಲಿಸಿದರೆ ಈ ಸಾಲು ಇಷ್ಟುದ್ದ ಯಾಕಿದೆ ಎಂದು ವಿದ್ಯಾರ್ಥಿಗಳು ಕೇಳಿಯೇ ಕೇಳುತ್ತಾರೆ. ಆ ಪ್ರಶ್ನೆಗೆ ಆಡಳಿತ ತಯಾರಿರಬೇಕು.

ಕನ್ನಡದಲ್ಲಿ ವೈದ್ಯರೇ ಬರೆದ ವೈದ್ಯಸಾಹಿತ್ಯದ ದೊಡ್ಡ ಪರಂಪರೆಯಿದೆ. ‘ಕೊರವಂಜಿ’ ಪತ್ರಿಕೆಯ ರಾಶಿಯವರ ‘ಮನಮಂಥನ’ಕ್ಕೆ 1976ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಬಂತು. ಅನುಪಮಾ ನಿರಂಜನರ ‘ತಾಯಿ ಮಗು’ ಎಷ್ಟೋ ಮನೆಗಳಲ್ಲಿ ಬಸುರಿಯರ ಕೈಗೆ ಸೇರಿತು. ಈ ಬರಹಗಳಿಗೆ ನಾವು ಋಣಿಗಳು. ಆದರೆ ಅಲ್ಲಿ ಮಾತು ಬಹುಪಾಲು ವೈದ್ಯರಿಂದ ಜನರತ್ತಲೇ ಹರಿಯಿತು. ರೋಗಿಯ ಮಾತು ವೈದ್ಯರ ಹಾಳೆಗೆ ತಲುಪುವ ದಾರಿ ನಮ್ಮಲ್ಲಿ ಇನ್ನೂ ಆಗಿಲ್ಲ.

ಅದನ್ನು ಮಾಡಲು ಹೊಸ ವಿಭಾಗ ಬೇಡ, ವಿಚಾರ ಸಂಕಿರಣವೂ ಬೇಡ. ಕೇಸ್ ಶೀಟಿನಲ್ಲಿ ನಾಲ್ಕು ಸಾಲು ರೋಗಿಯ ಮಾತಿನಲ್ಲೇ, ಅವರ ಕನ್ನಡದಲ್ಲೇ ಬರೆಯುವ ಜಾಗವಿರಲಿ. ನಿಮ್ಮ ಕಾಯಿಲೆಯ ಬಗ್ಗೆ ನಿಮಗೆ ಅತಿ ಹೆಚ್ಚು ಭಯ ಹುಟ್ಟಿಸಿರುವುದೇನು ಎಂದು ರೋಗಿಯನ್ನು ಕೇಳಬೇಕೆಂದು ಆರ್ಥರ್ ಕ್ಲೈನ್‌ಮನ್ ಮತ್ತು ಸಂಗಡಿಗರು 1978ರಲ್ಲೇ ಬರೆದಿದ್ದರು. ಅಂತಿಮ ವರ್ಷದ ಕ್ಲಿನಿಕಲ್ ಪರೀಕ್ಷೆಯಲ್ಲಿ, ಗುಲ್ಮ ಎಷ್ಟು ಊದಿದೆ ಎಂದು ಕೇಳುವ ಪರೀಕ್ಷಕರು ಈ ಪ್ರಶ್ನೆಯ ಉತ್ತರವನ್ನೂ ಕೇಳಲಿ, ಅದಕ್ಕೂ ಅಂಕವಿರಲಿ. ಉತ್ತರ ಗೊತ್ತಿಲ್ಲದವರನ್ನು ಇನ್ನೊಮ್ಮೆ ಅದೇ ರೋಗಿಯ ಹತ್ತಿರ ಕಳಿಸಲಿ.