ಭಟಾರ ಅಂದರೆ ಜೈನ ಮುನಿ ಮಾತ್ರವೇ?

ಶಾಸನದಲ್ಲಿ ‘ಭಟಾರ’ ಕಂಡ ಕೂಡಲೇ ಜೈನ ಮುನಿ ಅಂತ ಬರೆದುಬಿಡುವ ಚಾಳಿ ನಮ್ಮಲ್ಲಿದೆ. ವಡ್ಡಾರಾಧನೆ ಓದಿದವರಿಗೆ ಹಾಗನ್ನಿಸೋದು ಸಹಜ, ಅಲ್ಲಿ ಭದ್ರಬಾಹುವೂ ಭಟಾರರೇ. ಶ್ರವಣಬೆಳಗೊಳ, ಮೂಡುಬಿದಿರೆ ಮಠಗಳ ಸ್ವಾಮಿಗಳಿಗೆ ಇವತ್ತಿಗೂ ‘ಭಟ್ಟಾರಕ’ ಅಂತಲೇ ಹೆಸರು.

ಆದರೆ ಪಟ್ಟದಕಲ್ಲಿಗೆ ಬನ್ನಿ. 8ನೇ ಶತಮಾನದ ಆ ಶಾಸನಗಳಲ್ಲಿ ಕಂಚಿಯನ್ನು ಗೆದ್ದ ಎರಡನೇ ವಿಕ್ರಮಾದಿತ್ಯ ಭಟಾರ. ಈಗ ನಾವು ಸಂಗಮೇಶ್ವರ ಅನ್ನುವ ಗುಡಿಯ ವಿಜಯೇಶ್ವರನಿಗೂ ಅದೇ ಗೌರವಪದ! ಅರಸ, ದೇವರು, ಮುನಿ, ಮೂವರಿಗೂ ಒಂದೇ.

ಮೂಲ ಸಂಸ್ಕೃತದ ‘ಭರ್ತೃ’. ಹೊರುವವನು, ಪೊರೆಯುವವನು, ಒಡೆಯ ಅಂತ ಅರ್ಥ. ಪ್ರಾಕೃತದ ಬಾಯಲ್ಲಿ ‘ರ್ತ’ ಸವೆದು ‘ಟ್ಟ’ ಆಯ್ತು. ಭಟ್ಟ, ಭಟ್ಟಾರ, ಭಟ್ಟಾರಕ ಬಂದವು. ಕನ್ನಡದ ‘ಭಟಾರ’ದಲ್ಲಿ ಒತ್ತೂ ಉಳಿಯಲಿಲ್ಲ. ಸೈನಿಕ ಅನ್ನುವ ‘ಭಟ’ಕ್ಕೆ ಇದನ್ನು ಗಂಟುಹಾಕುವವರೂ ಇದ್ದಾರೆ. ಧಾತು ಒಂದೇ ನಿಜ, ಅರ್ಥ ಮಾತ್ರ ತಲೆಕೆಳಗು: ‘ಭಟ’ ಬಂದದ್ದು ‘ಭೃತ’ದಿಂದ. ಅವನು ಕೂಲಿಯ ಆಳು, ಸಾಕಿಸಿಕೊಂಡವನು, ಭಟಾರ ಸಾಕಿದವನು.

ಹಾಗಾಗಿ ಈ ಒಂದು ಪದ ನಂಬಿ ಹಾಳುಗುಡಿಯನ್ನು ಬಸದಿ ಅಂತ ಬರೆಯಬೇಡಿ. ಭಟಾರನ ಹಿಂದಿನ ಹೆಸರು ಯಾವುದು, ದಾನ ಹೋದದ್ದು ಯಾರಿಗೆ, ಮೊದಲು ಅದನ್ನು ಓದಿ.