ನಡುಹಗಲಿನ ಭಯ

ನಮ್ಮ ಉತ್ತರ ಕರ್ನಾಟಕದ ದೊಡ್ಡಾಟದಲ್ಲಿ ಗಣಪತಿಯ ಸ್ತುತಿ ಮುಗಿದು, ಅಡ್ಡ ಹಿಡಿದ ಪರದೆಯ ಹಿಂದಿನಿಂದ ಪಾತ್ರಧಾರಿಯು ಹೆಜ್ಜೆ ಹಾಕುತ್ತ ರಂಗಕ್ಕೆ ಬಂದೊಡನೆ, ಸಾರಥಿಯು ಅವನನ್ನು ತಡೆದು, ತಾವು ಯಾರು, ಯಾವ ಪಟ್ಟಣದವರು, ಇಲ್ಲಿಗೆ ಬಂದ ಕಾರಣವೇನು ಎಂದು ಒಂದೊಂದಾಗಿ ವಿಚಾರಿಸುತ್ತಾನೆ. ಪಾತ್ರವು ತನ್ನ ಹೆಸರು, ಕುಲ, ಪರಾಕ್ರಮಗಳನ್ನು ಮುಚ್ಚುಮರೆಯಿಲ್ಲದೆ ಸಾರಿಕೊಂಡ ಮೇಲೆಯೇ ಕಥೆ ಮುಂದೆ ಸಾಗುವುದು. ವಿದ್ಯಾರ್ಥಿಗಳು ಥ್ರಿಲ್ಲರ್ ಎಂದು ಕರೆಯುವ ಬಗೆಯ ಚಲನಚಿತ್ರದ ಆರಂಭದಲ್ಲಿ ಇಂಥ ಸಾರಥಿಯಿರುವುದಿಲ್ಲ. ಅವನು ಕೇಳಬೇಕಾದ ಪ್ರಶ್ನೆಗಳನ್ನು ಪ್ರೇಕ್ಷಕನೇ ಮನಸ್ಸಿನಲ್ಲಿ ಕೇಳಿಕೊಳ್ಳಬೇಕು. ಚಿತ್ರವು ಅವುಗಳಲ್ಲಿ ಎರಡಕ್ಕೆ ಸ್ಪಷ್ಟವಾದ ಉತ್ತರವನ್ನು ಕೊಟ್ಟು, ಮೂರನೆಯದನ್ನು ತನ್ನಲ್ಲಿಯೇ ಉಳಿಸಿಕೊಳ್ಳಬೇಕು. ಎಲ್ಲವನ್ನೂ ಬಚ್ಚಿಟ್ಟರೆ ಪ್ರೇಕ್ಷಕನಿಗೆ ಗೊಂದಲವಾಗುವುದೇ ಹೊರತು ಕುತೂಹಲ ಹುಟ್ಟುವುದಿಲ್ಲ ಎಂಬ ಈ ಸರಳವಾದ ಮಾತನ್ನು ಎಳೆಯ ನಿರ್ದೇಶಕರು ಮರೆಯುತ್ತಾರೆಂಬುದೇ ಈ ವಾರದ ಅಂಕಣಕ್ಕೆ ನಿಮಿತ್ತ.

ಎರಡು ನಿಮಿಷದ ಆರಂಭವೊಂದನ್ನು ತಯಾರಿಸಿ, ಅನಂತರ ಅದರ ಗುಣದೋಷಗಳನ್ನು ಕುರಿತು ತಾವೇ ಒಂದು ವಿಮರ್ಶೆಯನ್ನು ಬರೆದೊಪ್ಪಿಸುವ ಅಭ್ಯಾಸವು ಇಂಗ್ಲೆಂಡಿನ ಮಾಧ್ಯಮ ಅಧ್ಯಯನದ ತರಗತಿಗಳಲ್ಲಿ ಬಹುಕಾಲ ನಡೆದುಬಂದಿತು. ಕೈಯಲ್ಲಿ ಮೊಬೈಲ್ ಫೋನುಳ್ಳ ನಮ್ಮ ಹುಡುಗ ಹುಡುಗಿಯರಿಗೂ ಈ ಅಭ್ಯಾಸ ಈಗ ಎಟುಕದ್ದೇನಲ್ಲ. ಆದರೆ ಇಂಥ ಕಿರುಚಿತ್ರಗಳನ್ನು ಆಸಕ್ತಿಯಿಂದ ನೋಡುವ ನನ್ನಂಥವನಿಗೆ ಅವುಗಳಲ್ಲಿ ಬಹುಪಾಲು ಒಂದೇ ಮನೆಯಲ್ಲಿ, ಒಂದೇ ರಾತ್ರಿಯಲ್ಲಿ ತೆಗೆದವುಗಳಂತೆ ತೋರುತ್ತವೆ: ದೀಪವಿಲ್ಲದ ಕೋಣೆ, ಟಾರ್ಚಿನ ಬೆಳಕು, ಮುಖ ಮುಚ್ಚುವ ಟೋಪಿಯ ಅಂಗಿ, ಅಡುಗೆಮನೆಯ ಚಾಕು, ಕಿರ್ರೆನ್ನುವ ಬಾಗಿಲು, ಮೊದಲ ಚಿತ್ರಿಕೆಯಿಂದ (ಶಾಟ್) ಕೊನೆಯವರೆಗೆ ಬಿಡದೆ ಮೊರೆಯುವ ಹಿನ್ನೆಲೆ ಸಂಗೀತ. ಈ ಕೋಣೆ ಯಾವ ಊರಿನಲ್ಲಿದೆ, ಚಾಕು ಹಿಡಿದವನ ಜೀವನೋಪಾಯವೇನು, ಅವನಿಗೆ ಯಾರಲ್ಲಿ ಯಾವ ವೈರವೆಂಬುದು ತಿಳಿಯುವುದಿಲ್ಲ. ತೆಗೆದವರಿಗಾದರೂ ತಿಳಿದಿದೆಯೆ ಎಂಬ ಸಂದೇಹ ಬಾರದಿರದು.

ಕತ್ತಲೆಯೊಂದೇ ಭಯದ ಹೇತುವಲ್ಲವೆಂಬುದನ್ನು ಸಿನಿಮಾ ಕಲೆಯ ಗುರುಗಳು ಬಹಳ ಹಿಂದೆಯೇ ಮಾಡಿ ತೋರಿಸಿದ್ದಾರೆ. ಆಲ್ಫ್ರೆಡ್ ಹಿಚ್‌ಕಾಕ್ 1959ರ 'ನಾರ್ತ್ ಬೈ ನಾರ್ತ್‌ವೆಸ್ಟ್' ಚಿತ್ರದಲ್ಲಿ ನಾಯಕನನ್ನು ಕೊಲ್ಲಿಸಲು ಹೂಡಿದ ಸಂಚಿಗೆ ಆರಿಸಿಕೊಂಡ ಸ್ಥಳವು ಗಲ್ಲಿಯೂ ಅಲ್ಲ, ಹಾಳುಬಂಗಲೆಯೂ ಅಲ್ಲ; ಕಣ್ಣು ಹಾಯುವವರೆಗೆ ಬಟ್ಟಬಯಲಾಗಿ ಮಲಗಿದ ಹೊಲಗಳ ನಡುವಣ ಒಂದು ಬಸ್ ನಿಲುಗಡೆ, ಅದೂ ಉರಿಬಿಸಿಲಿನ ಹೊತ್ತು. ಮಸುಕು ಬೀದಿದೀಪ, ಕಪ್ಪು ಬೆಕ್ಕು, ಕಿಟಕಿಯಿಂದ ಇಣುಕುವ ಮುಖ ಮುಂತಾದ ಸವೆದ ಸಲಕರಣೆಗಳೊಂದೂ ಇಲ್ಲದ ಸ್ಥಳವೊಂದನ್ನು ಬುದ್ಧಿಪೂರ್ವಕವಾಗಿಯೇ ಹುಡುಕಿದೆನೆಂದು ಅವನು ಫ್ರಾನ್ಸಿನ ನಿರ್ದೇಶಕ ತ್ರುಫೋನೊಡನೆ 1962ರಲ್ಲಿ ನಡೆಸಿದ ದೀರ್ಘ ಸಂಭಾಷಣೆಯಲ್ಲಿ ವಿವರಿಸಿದ್ದಾನೆ. ಬಸ್ಸಿನಿಂದ ಇಳಿದ ನಾಯಕ ಕಾಯುತ್ತಾನೆ. ದೂರದಲ್ಲಿ ಬೆಳೆಗೆ ಔಷಧ ಸಿಂಪಡಿಸುವ ವಿಮಾನವೊಂದು ಹಾರಾಡುತ್ತದೆ. ಬೆಳೆಯೇ ಇಲ್ಲದ ಕಡೆ ಸಿಂಪಡಣೆ ನಡೆದಿದೆಯಲ್ಲ ಎಂದು ಅಪರಿಚಿತನೊಬ್ಬ ಆಶ್ಚರ್ಯಪಟ್ಟು ಬಸ್ಸು ಹತ್ತಿ ಹೋಗುತ್ತಾನೆ. ಆ ವಿಮಾನ ಎಣ್ಣೆಯ ಟ್ಯಾಂಕರ್ ಲಾರಿಗೆ ಅಪ್ಪಳಿಸುವವರೆಗೆ ಸಂಗೀತದ ಒಂದು ಸ್ವರವೂ ಕೇಳಿಸುವುದಿಲ್ಲ.

ಈ ದೃಶ್ಯವನ್ನು ನೋಡಿದಾಗಲೆಲ್ಲ ನನಗೆ ನೆನಪಾಗುವುದು ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಭೂಮಿ. ಆಳಂದದ ಸೀಮೆಯಲ್ಲಿ ಹರಿದು ಬರುವ ಅಮರ್ಜಾ ನದಿಯು ಅಫಜಲಪುರ ತಾಲ್ಲೂಕಿನ ಗಾಣಗಾಪುರದ ಬಳಿ ಭೀಮೆಯನ್ನು ಕೂಡುತ್ತದೆ. ಆ ಭೀಮೆಯನ್ನು ಕಟ್ಟಿಸಂಗಾವಿಯ ಸೇತುವೆಯಿಂದ ದಾಟಿದರೆ ಜೇವರ್ಗಿ. ಒಂದೇ ಜಲಸೂತ್ರಕ್ಕೆ ಸೇರಿದ ಈ ಮೂರು ತಾಲ್ಲೂಕುಗಳಲ್ಲಿ ಮೂರು ಬಗೆಯ ರಂಗಸ್ಥಳಗಳುಂಟು. ಮಹಾರಾಷ್ಟ್ರದ ಗಡಿಗೆ ಒತ್ತಿಕೊಂಡ ಆಳಂದದಲ್ಲಿ ಒಂದೇ ಸಂತೆಯೊಳಗೆ ಕನ್ನಡ, ಮರಾಠಿ, ದಖ್ಖನಿ ಉರ್ದು ಮೂರೂ ಕೇಳಿಸುವುದರಿಂದ, ಆಡುವವನ ಮುಖವನ್ನು ತೋರದೆ ದನಿಯಿಂದಲೇ ಅವನು ಯಾವ ಕಡೆಯವನೆಂದು ಸೂಚಿಸಬಹುದು. ಅಫಜಲಪುರದಲ್ಲಿ ನದಿಯ ದಂಡೆಯುಂಟು, ಸೊನ್ನದ ಬ್ಯಾರೇಜು ಉಂಟು, ಹೊಕ್ಕವನು ಹೊರಗಿನವರಿಗೆ ಕಾಣದ ಕಬ್ಬಿನ ಗದ್ದೆಗಳುಂಟು. ಜೇವರ್ಗಿಯ ಎರೆಭೂಮಿಯಲ್ಲಿ ಆಳೆತ್ತರದ ತೊಗರಿಯು ಡಿಸೆಂಬರಿನ ಹೊತ್ತಿಗೆ ಒಣಗಿ ನಿಂತು, ಗಾಳಿ ಬೀಸಿದಾಗ ಕಾಯೊಳಗಿನ ಕಾಳು ಮೆಲ್ಲನೆ ಸಪ್ಪಳ ಮಾಡುತ್ತದೆ. ಗಾಳಿ ನಿಂತ ಮೇಲೂ ಒಂದು ಸಾಲಿನಲ್ಲಿ ಮಾತ್ರ ಆ ಸಪ್ಪಳ ಮುಂದುವರಿದರೆ, ಅದಕ್ಕಿಂತ ಮಿಗಿಲಾದ ಹಿನ್ನೆಲೆ ಸಂಗೀತವನ್ನು ಯಾವ ವಾದ್ಯಗಾರನೂ ಕೊಡಲಾರ.

ಇಷ್ಟಾದರೂ ಒಂದು ಎಚ್ಚರಿಕೆಯ ಮಾತು ಅವಶ್ಯ. ಗಾಣಗಾಪುರದ ದತ್ತಾತ್ರೇಯ ಸನ್ನಿಧಿಗೆ ಮನಸ್ಸಿನ ಪೀಡೆಯಿಂದ ನೊಂದವರನ್ನು ಬಂಧುಗಳು ಕರೆತರುವುದುಂಟು. ಆರತಿಯ ವೇಳೆಯಲ್ಲಿ ಅವರ ನರಳಾಟವನ್ನು ಕಂಡ ಎಳೆಯನೊಬ್ಬನಿಗೆ ಕ್ಯಾಮೆರಾವನ್ನು ಹೊರತೆಗೆಯುವ ಆಸೆಯಾಗುವುದು ಸಹಜ. ಅದು ಕೂಡದು. ಪರರ ದುಃಖವನ್ನು ಕದ್ದು ತೆಗೆದ ಚಿತ್ರಿಕೆಯು ನೋಡುವವನನ್ನು ಬೆಚ್ಚಿಬೀಳಿಸಬಹುದಾದರೂ ಅದರಲ್ಲಿ ತೆಗೆದವನ ಕಲೆ ಏನೂ ಇರುವುದಿಲ್ಲ.

ಬೋಧನೆಗಿಂತ ಉದಾಹರಣೆ ಮೇಲೆಂದು ಹಿರಿಯರು ಹೇಳುತ್ತಾರಾದುದರಿಂದ, ನಾನಾದರೆ ಹೇಗೆ ಆರಂಭಿಸುತ್ತಿದ್ದೆನೆಂಬುದನ್ನು ಇಲ್ಲಿ ಬರೆಯುತ್ತೇನೆ. ಡಿಸೆಂಬರಿನ ಒಂದು ನಡುಹಗಲು; ಜೇವರ್ಗಿಯಿಂದ ಹಳ್ಳಿಯ ಕಡೆಗೆ ಹೊರಟ ಕೆಂಪು ಬಸ್ಸು. ರುಮಾಲು ಸುತ್ತಿದ ಮುದುಕನೊಬ್ಬ ನೂರು ರೂಪಾಯಿಯ ನೋಟು ಕೊಡುತ್ತಾನೆ. ಕಂಡಕ್ಟರನು ಟಿಕೆಟ್ಟನ್ನು ಹರಿದು, ಅದರ ಬೆನ್ನಿಗೆ 70 ಎಂದು ಬರೆದು, ಸುತ್ತ ಒಂದು ಸೊಟ್ಟ ವೃತ್ತವನ್ನೆಳೆಯುತ್ತಾನೆ. "ಮುತ್ಯಾ, ಚಿಲ್ಲರ ಇಲ್ಲರಿ, ಇಳಿಯೋ ಮುಂದ ಇಸ್ಕೊಳ್ರಿ." "ಆಯ್ತಪಾ, ನೆನಪಿಟ್ಟು ಕೊಡು ಮತ್ತ." ಹಿಂದಿನ ಸೀಟಿನಲ್ಲಿ ಕುಳಿತ ಮತ್ತೊಬ್ಬನ ಮೊಣಕಾಲು ಮಾತ್ರ ನಮಗೆ ಕಾಣುತ್ತದೆ. ಕ್ರಾಸ್ ಬಂದಾಗ ಇಬ್ಬರೂ ಇಳಿಯುತ್ತಾರೆ. ಮುದುಕ ಚಿಲ್ಲರೆಯನ್ನು ಮರೆತಿದ್ದಾನೆ, ಕಂಡಕ್ಟರನೂ ಮರೆತಿದ್ದಾನೆ. ಬಸ್ಸಿನ ಹಿಂದಿನ ಗಾಜಿನಿಂದ ನೋಡಿದರೆ ಮುದುಕ ತೊಗರಿಯ ಹೊಲದ ಕಾಲುದಾರಿ ಹಿಡಿದಿರುವುದೂ, ಎರಡನೆಯವನು ಬಗ್ಗಿ ಬೂಟಿನ ದಾರ ಕಟ್ಟುತ್ತಿರುವುದೂ ಕಾಣಿಸಿ, ಧೂಳಿನಲ್ಲಿ ಕರಗುತ್ತವೆ. ತೊಗರಿಯ ಸಪ್ಪಳ; ಅದು ನಿಲ್ಲುತ್ತದೆ. ಬಳಿಕ ಅದೇ ಬಸ್ಸು ಹಳ್ಳಿಯಿಂದ ಮರಳಿ ಬಂದು ಅದೇ ಕ್ರಾಸಿನಲ್ಲಿ ನಿಲ್ಲುತ್ತದೆ. ಒಂದು ಕೈ ಟಿಕೆಟ್ಟೊಂದನ್ನು ಕಂಡಕ್ಟರನ ಮುಂದೆ ಹಿಡಿಯುತ್ತದೆ. "ಇದರ ಬಾಕಿ ಕೊಡ್ರಿ." ಬೆನ್ನ ಮೇಲೆ 70, ಸುತ್ತ ಅದೇ ಸೊಟ್ಟ ವೃತ್ತ. ಚಿಲ್ಲರೆ ಚೀಲದೊಳಗೆ ಹೋದ ಕಂಡಕ್ಟರನ ಬೆರಳುಗಳು ಅಲ್ಲಿಯೇ ತಡೆದು ನಿಲ್ಲುತ್ತವೆ. ಚಿತ್ರದ ಹೆಸರು ತೆರೆಯ ಮೇಲೆ ಮೂಡುವುದು ಆಗ.

ಇಲ್ಲಿ ಮುದುಕನ ಬದಲಿಗೆ ಮುದುಕಿಯನ್ನು ಇಟ್ಟರಾಗದೆ ಎಂದು ಕೇಳುವವರಿಗೆ ಉತ್ತರವುಂಟು: 2023ರ ಜೂನ್ 11ರಂದು ಶಕ್ತಿ ಯೋಜನೆ ಜಾರಿಗೆ ಬಂದ ಮೇಲೆ ರಾಜ್ಯದ ಹೆಂಗಸರಿಗೆ ಸಾಮಾನ್ಯ ಬಸ್ಸುಗಳಲ್ಲಿ ದೊರೆಯುವುದು ಶೂನ್ಯ ದರದ ಟಿಕೆಟ್ಟು, ಅದರ ಬೆನ್ನ ಮೇಲೆ ಚಿಲ್ಲರೆಯ ಬಾಕಿ ಬರೆಯುವ ಪ್ರಸಂಗವೇ ಬರುವುದಿಲ್ಲ. ಇಂಥ ಸಣ್ಣ ಲೋಕಜ್ಞಾನವೊಂದು ತಪ್ಪಿದರೆ ಬಸ್ಸಿನಲ್ಲಿ ಓಡಾಡುವ ಪ್ರೇಕ್ಷಕನು ಅಲ್ಲಿಯೇ ಕಥೆಯ ಮೇಲಣ ನಂಬಿಕೆಯನ್ನು ಕಳೆದುಕೊಳ್ಳುತ್ತಾನೆ. ಪವನ್ ಕುಮಾರ್ ಅವರ 'ಯು ಟರ್ನ್' (2016) ಬೆಂಗಳೂರಿನ ಮೇಲ್ಸೇತುವೆಯೊಂದರ ಮೇಲೆ ಬೈಕಿನವರು ರಸ್ತೆವಿಭಜಕದ ಕಲ್ಲುಗಳನ್ನು ಸರಿಸಿ ಅಡ್ಡ ತಿರುಗುವ ಕ್ಷುಲ್ಲಕ ಚಾಳಿಯಿಂದಲೇ ಇಡೀ ಕಥೆಯನ್ನು ಬೆಳೆಸಿತು. ಅದನ್ನು ಕಂಡ ನಗರವಾಸಿಗೆ ತಾನು ದಿನವೂ ನೋಡಿಯೂ ನೋಡದಿದ್ದ ಕಲ್ಲುಗಳು ಭಯಂಕರವಾದುವು.

ಈ ಟಿಕೆಟ್ಟಿನ ಪ್ರಸಂಗದಲ್ಲಿ ಗಮನಿಸತಕ್ಕುದು ತಿಳಿವಳಿಕೆಯ ಹಂಚಿಕೆ. ಟಿಕೆಟ್ಟು ಮುದುಕನದೆಂದು ಪ್ರೇಕ್ಷಕನಿಗೆ ಗೊತ್ತು, ಕಂಡಕ್ಟರನಿಗೆ ಗೊತ್ತು. ಆದರೆ ಕಂಡಕ್ಟರನಿಗೆ ಗೊತ್ತೆಂಬುದು ಟಿಕೆಟ್ಟು ಹಿಡಿದವನಿಗೆ ಗೊತ್ತಿಲ್ಲ. ಹೊಲದೊಳಗೆ ನಡೆದುದೇನೆಂಬುದೊಂದು ಮಾತ್ರ ಯಾರಿಗೂ ತೋರಿಸಿಲ್ಲ. ಮೇಜಿನ ಕೆಳಗೆ ಬಾಂಬಿರುವುದನ್ನು ಪ್ರೇಕ್ಷಕನಿಗೆ ತಿಳಿಸದೆ ಸಿಡಿಸಿದರೆ ದೊರೆಯುವುದು ಹದಿನೈದು ಸೆಕೆಂಡುಗಳ ಆಶ್ಚರ್ಯ, ಮೊದಲೇ ತಿಳಿಸಿದರೆ ಹದಿನೈದು ನಿಮಿಷಗಳ ಕಾತರ ಎಂದು ಹಿಚ್‌ಕಾಕ್ ಮಾಡಿದ ವಿವೇಚನೆಯ ತಿರುಳೂ ಇದೇ. ಆರ್ಸನ್ ವೆಲ್ಸ್ 1958ರ 'ಟಚ್ ಆಫ್ ಈವಿಲ್' ಚಿತ್ರದ ಆರಂಭದಲ್ಲಿ ಕಾರಿನೊಳಗೆ ಬಾಂಬಿಡುವುದನ್ನು ಮೊದಲೇ ತೋರಿಸಿ, ಆ ಕಾರು ಗಡಿಯ ಪಟ್ಟಣದ ಜನಸಂದಣಿಯಲ್ಲಿ ಸಾಗುವುದನ್ನು ಮೂರು ನಿಮಿಷಗಳಿಗೂ ಮಿಗಿಲಾಗಿ ಒಂದೇ ಚಿತ್ರಿಕೆಯಲ್ಲಿ ಹಿಂಬಾಲಿಸಿದನು. ಜರ್ಮನಿಯ ಫ್ರಿಟ್ಸ್ ಲಾಂಗ್ 1931ರ 'ಎಮ್' ಚಿತ್ರದಲ್ಲಿ ಮಗುವಿನ ಕೊಲೆಯನ್ನು ತೋರಿಸಲೇ ಇಲ್ಲ. ಊಟಕ್ಕೆ ತಟ್ಟೆಯಿಟ್ಟು ಕಾಯುವ ತಾಯಿ, ಹುಲ್ಲಿನ ಮೇಲೆ ಉರುಳಿ ಬಂದು ನಿಲ್ಲುವ ಚೆಂಡು, ತಂತಿಗೆ ಸಿಕ್ಕಿಕೊಂಡ ಬಲೂನು, ಇಷ್ಟರಿಂದಲೇ ನಡೆದುದನ್ನು ತಿಳಿಸಿದನು. ನಮ್ಮ ಶಂಕರ್ ನಾಗ್ ಅವರ 'ಆಕ್ಸಿಡೆಂಟ್' (1985) ಕೂಡ ರಸ್ತೆಬದಿಯಲ್ಲಿ ಮಲಗಿದವರ ಮೇಲೆ ಕಾರು ಹರಿಸಿದವನು ಯಾರೆಂಬುದನ್ನು ಪ್ರೇಕ್ಷಕರಿಂದ ಮರೆಮಾಡದೆ, ಅವನಿಗೆ ಶಿಕ್ಷೆಯಾದೀತೇ ಎಂಬ ಪ್ರಶ್ನೆಯ ಮೇಲೆಯೇ ತನ್ನ ಭಾರವನ್ನೆಲ್ಲ ಹಾಕಿತು.

ಕಸುಬಿನ ಕೆಲವು ಮಾತುಗಳನ್ನು ಸಂಕ್ಷೇಪವಾಗಿ ಹೇಳಿಬಿಡುತ್ತೇನೆ. ಮುದುಕನು ತೆರೆಯ ಎಡದಿಂದ ಬಲಕ್ಕೆ ನಡೆದರೆ ಹಿಂಬಾಲಿಸುವವನೂ ಎಡದಿಂದ ಬಲಕ್ಕೇ ನಡೆಯಬೇಕು. ಕ್ಯಾಮೆರಾವು ದಾರಿಯ ಆಚೆ ಬದಿಗೆ ಹಾರಿದರೆ ಇಬ್ಬರೂ ಎದುರುಬದುರಾಗಿ ಬರುವಂತೆ ಕಂಡು ಬೆನ್ನಟ್ಟುವಿಕೆಯ ಅರ್ಥವೇ ಕೆಡುವುದು. ಬಯಲುಸೀಮೆಯ ಗಾಳಿ ಮೈಕಿಗೆ ಪರಮವೈರಿ. ಅದಕ್ಕೆ ತುಪ್ಪಳದ ಹೊದಿಕೆಯಿಲ್ಲದೆ ಹೊಲಕ್ಕೆ ಹೋಗತಕ್ಕದ್ದಲ್ಲ, ಮತ್ತು ತೊಗರಿಯ ಸಪ್ಪಳವನ್ನು ಚಿತ್ರೀಕರಣ ಮುಗಿದ ಮೇಲೆ ಬೇರೆಯಾಗಿ, ಸಮೀಪದಿಂದ ಮುದ್ರಿಸಿಕೊಳ್ಳುವುದು ಲೇಸು. ನಮ್ಮ ವಿದ್ಯುತ್ತು 50 ಹರ್ಟ್ಸ್ ಆವರ್ತನದ್ದಾದುದರಿಂದ, ಟ್ಯೂಬ್‌ಲೈಟಿನ ಕೆಳಗೆ ಚಿತ್ರಿಸುವಾಗ ಷಟರಿನ ವೇಗವನ್ನು ಸೆಕೆಂಡಿನ ಐವತ್ತನೆಯ ಒಂದು ಭಾಗಕ್ಕೆ ನಿಲ್ಲಿಸಿದರೆ ಬೆಳಕು ಮಿಣುಕುವುದು ತಪ್ಪುತ್ತದೆ. ಹೆಸರುಪಟ್ಟಿಯನ್ನು ಕನ್ನಡ ಲಿಪಿಯಲ್ಲಿ, ಓದಲು ಸಾಕಾಗುವಷ್ಟು ಹೊತ್ತು ತೋರಿಸಬೇಕು.

ವಿದ್ಯಾರ್ಥಿಗಳ ಕೆಲಸವೆಂದು ಅಸಡ್ಡೆ ಮಾಡುವವರು ಎರಡು ಸಂಗತಿಗಳನ್ನು ನೆನೆಯಬೇಕು. ಗಿರೀಶ ಕಾಸರವಳ್ಳಿಯವರು ಪುಣೆಯ ಚಲನಚಿತ್ರ ಸಂಸ್ಥೆಯಲ್ಲಿ ಡಿಪ್ಲೊಮಾಕ್ಕಾಗಿ 1975ರಲ್ಲಿ ತೆಗೆದ 'ಅವಶೇಷ್' ರಾಷ್ಟ್ರಪ್ರಶಸ್ತಿಯನ್ನು ಪಡೆಯಿತು; ಎರಡೇ ವರ್ಷಗಳಲ್ಲಿ ಅವರಿಂದ 'ಘಟಶ್ರಾದ್ಧ' ಬಂದಿತು. ಅದೇ ಸಂಸ್ಥೆಯಲ್ಲಿ ಓದಿದ, ವೈದ್ಯಶಿಕ್ಷಣ ಪಡೆದಿದ್ದ ಮೈಸೂರಿನ ಚಿದಾನಂದ ಎಸ್. ನಾಯ್ಕ್ ಅವರ ಕನ್ನಡ ಕಿರುಚಿತ್ರ 'ಸನ್‌ಫ್ಲವರ್ಸ್ ವರ್ ದಿ ಫಸ್ಟ್ ಒನ್ಸ್ ಟು ನೋ' 2024ರಲ್ಲಿ ಕಾನ್ ಉತ್ಸವದ ವಿದ್ಯಾರ್ಥಿ ಚಿತ್ರಗಳ ವಿಭಾಗವಾದ ಲಾ ಸಿನೆಫ್‌ನಲ್ಲಿ ಪ್ರಥಮ ಬಹುಮಾನವನ್ನು ಗೆದ್ದಿತು. ಮುದುಕಿಯೊಬ್ಬಳು ಊರಿನ ಹುಂಜವನ್ನು ಕದ್ದೊಯ್ದುದರಿಂದ ಸೂರ್ಯನೇ ಹುಟ್ಟದೆ ಹೋದನೆಂಬ ನಮ್ಮ ಜನಪದ ಕಥೆ ಅದರ ವಸ್ತು. ಅಲ್ಲಿಯೂ ಕತ್ತಲೆಯುಂಟು, ಆದರೆ ಆ ಕತ್ತಲೆಗೆ ಹುಂಜದ ಕಳವೆಂಬ ಕಾರಣವುಂಟು, ಅದನ್ನು ನೀಗಬೇಕೆಂಬ ಊರಿನವರ ಹಟವುಂಟು.

ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಮೂರೂ ಪಟ್ಟಣಗಳಲ್ಲಿ ಕಾಲೇಜುಗಳಿವೆ. ಅಲ್ಲಿಯ ಅಧ್ಯಾಪಕರಲ್ಲಿ ನನ್ನ ಬಿನ್ನಹವಿಷ್ಟೆ: ಮಕ್ಕಳಿಂದ ಥ್ರಿಲ್ಲರಿನ ಆರಂಭವೊಂದನ್ನು ಮಾಡಿಸುವುದಾದರೆ, ಹಗಲಿನಲ್ಲಿಯೇ, ತಮ್ಮ ಊರಿನ ಗುರುತು ಹತ್ತುವ ಸ್ಥಳದಲ್ಲಿಯೇ ತೆಗೆಯಬೇಕೆಂದು ನಿಯಮ ಮಾಡಿರಿ. ತೆಗೆದ ಮಕ್ಕಳಿಗೂ ಒಂದು ಮಾತು. ವಿಮರ್ಶೆಯನ್ನು ಬರೆಯಲು ಕೂರುವ ಮೊದಲು, ಕಥೆಯ ಸುಳಿವೇ ಇಲ್ಲದ ಒಬ್ಬರಿಗೆ, ನಿಮ್ಮ ಮನೆಯ ಅಜ್ಜಿಗಾದರೂ ಸರಿ, ಯಾವ ವಿವರಣೆಯನ್ನೂ ಕೊಡದೆ ಅದನ್ನು ತೋರಿಸಿ ಮೂರು ಪ್ರಶ್ನೆಗಳನ್ನು ಕೇಳಿರಿ: ಯಾರು ಯಾರು ಬಂದರು, ಏನು ನಡೆಯಿತು, ಮುಂದೆ ಏನಾದೀತು. ಮೊದಲಿನ ಎರಡಕ್ಕೆ ಅವರು ಸರಿಯಾಗಿ ಉತ್ತರಿಸಿ, ಮೂರನೆಯದನ್ನು ನಿಮಗೇ ತಿರುಗಿಸಿ ಕೇಳಿದರೆ ನಿಮ್ಮ ಆರಂಭ ಗೆದ್ದಿತೆಂದು ತಿಳಿಯಿರಿ. ಮೊದಲನೆಯದಕ್ಕೇ ತಡವರಿಸಿದರೆ ಮತ್ತೊಮ್ಮೆ ತೆಗೆಯಿರಿ.